ಜ್ವಾಳಾ ಹೆಂಗ ಬೆಳೀತಾರ?

ಕರಜಗಿ ಹತ್ತಿರ ವರದಾ ನದಿಯ ಸೇತುವೆ ಮೇಲೆ ಗಾಡಿ ಗಡಗಡಿಸುವಾಗ ಎದುರು ಸೀಟಿನ ಅಮ್ಮ ಕೇಳಿಯೇಬಿಟ್ಟರು. ಹುಬ್ಬಳ್ಳಿ ಬಿಟ್ಟಾಗಿನಿಂದ ನನ್ನ ಕೈಯ ಪುಸ್ತಕವನ್ನೇ ನೋಡುತ್ತ ಕೂತಿದ್ದವರು.

"ಏನ್ ಓದಾಕ ಹತ್ತಿಯೋ ತಮ್ಮಾ, ಇಷ್ಟ ದಪ್ಪಂದು? ಪುರಾಣಾ ಏನ?"

"ಪುರಾಣದಂಗನ ಐತಿ ಅವ್ವಾ. ಆದ್ರ ಹಿಂದಿನ ಕಾಲದ್ದಲ್ಲ, ಮುಂದಿಂದು. ಬ್ಯಾರೆ ಲೋಕದ್ದು."

"ಮುಂದಿಂದು ಅಂದ್ರ ಕಾರಣಿಕ ಅನ್ನು."

ವೈಜ್ಞಾನಿಕ ಕಾದಂಬರಿಗೆ ಇದಕ್ಕಿಂತ ಒಳ್ಳೆಯ ಹೆಸರನ್ನು ನಾನು ಕೇಳಿಲ್ಲ. ಆಕೆ ಹೇಳಿದ್ದು ದೇವರಗುಡ್ಡದ ಕಾರಣಿಕದ ಮಾತು. ರಾಣೆಬೆನ್ನೂರು ತಾಲ್ಲೂಕಿನ ಆ ಮಾಲತೇಶನ ಗುಡ್ಡದಲ್ಲಿ ನವರಾತ್ರಿಯ ಹೊತ್ತಿಗೆ ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾನೆ. "ಸದ್ದಲೇ" ಎಂದು ಕೂಗಿದರೆ ಸಾವಿರಾರು ಜನ ಒಮ್ಮೆಗೇ ಉಸಿರು ಹಿಡಿಯುತ್ತಾರೆ. ಅವನ ಬಾಯಿಂದ ಒಂದೇ ಒಂದು ಸಾಲು ಬೀಳುತ್ತದೆ, ಹಿಂದೆಯೇ ಅವನೂ ಬಿಲ್ಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಮಳೆ ಹೇಗೆ, ಬೆಳೆ ಹೇಗೆ, ರಾಜ್ಯದ ಗತಿ ಏನು ಎಂಬುದನ್ನೆಲ್ಲ ಆ ಒಂದು ಸಾಲಿನಿಂದ ಬಿಡಿಸಿಕೊಳ್ಳುವುದು ಕೇಳಿದವರ ಕೆಲಸ.

ನನ್ನ ಕೈಲಿದ್ದದ್ದು ಬ್ರಯಾನ್ ಆಲ್ಡಿಸ್ ಬರೆದ ಹೆಲಿಕೋನಿಯಾ. ವಸಂತ, ಬೇಸಿಗೆ, ಚಳಿಗಾಲ ಎಂದು 1982, 1983 ಮತ್ತು 1985ರಲ್ಲಿ ಬಂದ ಮೂರು ಕಾದಂಬರಿಗಳನ್ನು ಒಟ್ಟಿಗೆ ಹೊಲಿದ ದಪ್ಪ ಪ್ರತಿ. ಎರಡನೆಯ ಮಹಾಯುದ್ಧದಲ್ಲಿ ಸೈನಿಕನಾಗಿ ಭಾರತ, ಬರ್ಮಾಗಳನ್ನು ಕಂಡುಹೋಗಿದ್ದ ಇಂಗ್ಲೆಂಡಿನ ಲೇಖಕ ಆತ. ಆ ಲೋಕಕ್ಕೆ ಎರಡು ಸೂರ್ಯ. ಬಟಾಲಿಕ್ಸ್ ಎಂಬ ಮಂದ ಬೆಳಕಿನ ಸಣ್ಣ ಸೂರ್ಯನನ್ನು ಹೆಲಿಕೋನಿಯಾ ಸುತ್ತುತ್ತದೆ. ಆ ಸಣ್ಣ ಸೂರ್ಯ ತನ್ನ ಸಂಸಾರ ಸಮೇತ ಫ್ರೇಯರ್ ಎಂಬ ಉರಿಸೂರ್ಯನನ್ನು ಸುತ್ತುತ್ತಾನೆ. ದಾರಿ ಮೊಟ್ಟೆಯಂತೆ ಉದ್ದ. ಒಂದು ಸುತ್ತಿಗೆ ನಮ್ಮ ಲೆಕ್ಕದಲ್ಲಿ 2592 ವರ್ಷ. ಹಾಗಾಗಿ ಅಲ್ಲಿ ಚಳಿಗಾಲ ಬಂತೆಂದರೆ ಶತಮಾನಗಳ ಕಾಲ ಹೋಗುವುದಿಲ್ಲ. ಬೇಸಿಗೆಯಲ್ಲಿ ಹುಟ್ಟಿದವನಿಗೆ ಹಿಮ ಅಂದರೆ ಅಜ್ಜಿಕಥೆ, ಹಿಮದಲ್ಲಿ ಹುಟ್ಟಿದವನಿಗೆ ಹೂವು ಅಂದರೆ ಅಜ್ಜಿಕಥೆ.

ಇದನ್ನೆಲ್ಲ ನನ್ನ ಬಾಯಿಗೆ ಬಂದ ಧಾರವಾಡ ಕನ್ನಡದಲ್ಲಿ ಹೇಳಿದೆ. ಫೆಬ್ರುವರಿಯ ಮೊದಲ ವಾರ. ಶಿವರಾತ್ರಿ ಇನ್ನೂ ಬಂದಿರಲಿಲ್ಲ, ಶಿವಶಿವಾ ಎನ್ನುತ್ತ ಹೋಗಬೇಕಾದ ಚಳಿ ಇನ್ನೂ ಕಿಟಕಿಯ ಕಂಬಿಗೆ ಅಂಟಿಕೊಂಡಿತ್ತು. ಆಕೆ ಸೆರಗನ್ನು ಕಿವಿಗೆ ಎಳೆದುಕೊಂಡು ಪೂರ್ತಿ ಕೇಳಿದರು. ಎರಡು ಸೂರ್ಯ ಆಕೆಗೆ ಆಶ್ಚರ್ಯವೇ ಅಲ್ಲ. ಕಡೆಗೆ ಕೇಳಿದ್ದು ಒಂದೇ ಪ್ರಶ್ನೆ:

"ಅಷ್ಟ ವರ್ಷ ಥಂಡಿ ಬಿದ್ರ ಜ್ವಾಳಾ ಹೆಂಗ ಬೆಳೀತಾರ?"

ನನಗೆ ಉತ್ತರ ಹೊಳೆಯಲಿಲ್ಲ. ಹಾವೇರಿ ಬಂತು. ಇಳಿಯುವಾಗ ಆಕೆ ಚೀಲಕ್ಕೆ ಕೈಹಾಕಿ ಕಾಗದದ ಪೊಟ್ಟಣವೊಂದನ್ನು ನನ್ನ ಕೈಗೆ ತುರುಕಿದರು. ಸೀತನಿ. ಹಾಲುತೆನೆಯನ್ನು ಕೆಂಡದಲ್ಲಿ ಸುಟ್ಟು ಉದುರಿಸಿದ ಹಸಿಜೋಳದ ಕಾಳು, ಇನ್ನೂ ಸ್ವಲ್ಪ ಬೆಚ್ಚಗಿತ್ತು. ಅದನ್ನು ಜೇಬಿಗೆ ಹಾಕಿಕೊಂಡೆ. ಪ್ರಶ್ನೆಯೂ ಜೊತೆಗೆ ಬಂತು.

ನಾನು ಹೊರಟದ್ದು ರಾಣೆಬೆನ್ನೂರಿನ ಕೃಷ್ಣಮೃಗ ನೋಡಲು. ಸಂಜೆಗೆ ಅಲ್ಲಿ ಮುಟ್ಟಿದರೆ ಸಾಕಿತ್ತು, ಇಡೀ ಹಗಲು ಕೈಯಲ್ಲಿತ್ತು. ಏಲಕ್ಕಿ ಹಾರದ ಅಂಗಡಿ ಇನ್ನೂ ತೆರೆದಿರಲಿಲ್ಲವಾದ್ದರಿಂದ ಸೀದಾ ಪುರಸಿದ್ಧೇಶ್ವರನ ಗುಡಿಗೆ ನಡೆದೆ. ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿಯ ಮುಖ ಪಶ್ಚಿಮಕ್ಕೆ. ಒಳಗಿನ ಶಿಲ್ಪಗಳಲ್ಲಿ ಉಮಾಮಹೇಶ್ವರ, ಸಪ್ತಮಾತೃಕೆಯರ ಜೊತೆ ಸೂರ್ಯನೂ ಇದ್ದಾನೆ. ಬೆಳಗಿನ ಬೆಳಕು ಗುಡಿಯ ಬೆನ್ನಿಗೆ ಬಿದ್ದಿತ್ತು, ಬಾಗಿಲಲ್ಲಿ ಇನ್ನೂ ನೆರಳು. ಕಂಬಕ್ಕೆ ಅಂಗೈ ಇಟ್ಟರೆ ಬಳಪದ ಕಲ್ಲು ಬೆಣ್ಣೆಯ ಹಾಗೆ ನುಣುಪು, ರಾತ್ರಿಯ ತಂಪು ಹಾಗೇ ಇತ್ತು.

ಈ ಸೀಮೆಯ ಕಲ್ಲಿನ ವಯಸ್ಸು ನೆನೆದರೆ ತಲೆ ತಿರುಗುತ್ತದೆ. ಭೂವಿಜ್ಞಾನಿಗಳು ಧಾರವಾಡ ಶಿಲೆಗಳೆಂದು ಕರೆಯುವ ಕುಲದ ಒಂದು ದೊಡ್ಡ ಪದರಕ್ಕೆ ರಾಣೆಬೆನ್ನೂರಿನ ಹೆಸರೇ ಇದೆ. ಸುಮಾರು 260 ಕೋಟಿ ವರ್ಷಗಳ ಹಿಂದೆ ಕಡಲ ಇಳಿಜಾರಿನಲ್ಲಿ ಕೆಸರೂ ಮರಳೂ ಕುಸಿದು ಜಾರಿ ಅಡಿಯಲ್ಲಿ ನಿಂತು ಗಟ್ಟಿಯಾದ ಕಲ್ಲು ಅದು. ಇಲ್ಲಿ ಆಗ ಕಡಲು! ಅದಾಗಿ ಎಷ್ಟೋ ಕಾಲದ ಮೇಲೆ, 72 ಕೋಟಿಯಿಂದ 63 ಕೋಟಿ ವರ್ಷಗಳ ಹಿಂದಿನ ಅವಧಿಯಲ್ಲಿ, ಭೂಮಿ ಎರಡು ಸಲ ಧ್ರುವದಿಂದ ಸಮಭಾಜಕದವರೆಗೆ ಹಿಮದ ಉಂಡೆಯಾಗಿತ್ತು ಎನ್ನುತ್ತಾರೆ. ಆಲ್ಡಿಸ್ ಕಲ್ಪಿಸಿದ್ದಕ್ಕಿಂತ ಕಠಿಣವಾದ ಆ ಚಳಿಗಾಲಗಳು ಲಕ್ಷಗಟ್ಟಲೆ ಅಲ್ಲ, ಕೋಟಿಗಟ್ಟಲೆ ವರ್ಷ ನಡೆದವು. ಅಷ್ಟನ್ನೂ ಕಂಡ ಕಲ್ಲಿನ ನಾಡಿನಲ್ಲಿ ನಿಂತು ನಾನು ಬೇರೆ ಗ್ರಹದ ಕಥೆ ಓದುತ್ತಿದ್ದೆ.

ನಮ್ಮ ಭೂಮಿಗೆ ಇರುವುದು ಒಂದೇ ಸೂರ್ಯ. ಆದರೂ ಹೆಲಿಕೋನಿಯಾದ ಲೆಕ್ಕಾಚಾರ ಇಲ್ಲಿಯೂ ಸಣ್ಣ ದನಿಯಲ್ಲಿ ನಡೆಯುತ್ತಲೇ ಇದೆ. ಸರ್ಬಿಯಾದ ಮಿಲುಟಿನ್ ಮಿಲಾಂಕೋವಿಚ್ ಮೊದಲ ಮಹಾಯುದ್ಧದಲ್ಲಿ ಬುಡಾಪೆಸ್ಟಿನಲ್ಲಿ ಬಂಧಿಯಾಗಿದ್ದಾಗಲೂ ಮಾಡಿದ್ದು ಇದೇ ಲೆಕ್ಕ. ಭೂಮಿಯ ದಾರಿ ಸುಮಾರು ಲಕ್ಷ ವರ್ಷಕ್ಕೊಮ್ಮೆ ಹಿಗ್ಗಿ ಕುಗ್ಗುತ್ತದೆ, ಭೂಮಿಯ ಓರೆ 41 ಸಾವಿರ ವರ್ಷದಲ್ಲಿ ಹೆಚ್ಚುಕಡಿಮೆಯಾಗುತ್ತದೆ, ಬುಗುರಿ ತಲೆದೂಗುವ ಹಾಗೆ ಅದರ ಅಕ್ಷವೂ ತೂಗುತ್ತದೆ. ಈ ಮೂರು ಕೂಡಿದಾಗ ಉತ್ತರದ ಬೇಸಿಗೆ ಮಂಕಾದರೆ ಹಿಂದಿನ ಚಳಿಗಾಲದ ಹಿಮ ಕರಗದೆ ಉಳಿಯುತ್ತದೆ. ಉಳಿದದ್ದರ ಮೇಲೆ ಮುಂದಿನ ವರ್ಷದ್ದು ಬೀಳುತ್ತದೆ. 1976ರಲ್ಲಿ ಕಡಲತಳದ ಕೆಸರಿನಲ್ಲಿ ಅದೇ ತಾಳ ಸಿಕ್ಕಿತು. ಈ ಸರಣಿಯ ಕೊನೆಯ ದೊಡ್ಡ ಚಳಿ ತುತ್ತತುದಿಗೆ ಮುಟ್ಟಿದ್ದು ಸುಮಾರು 20 ಸಾವಿರ ವರ್ಷದ ಹಿಂದೆ. ಆಗ ಕಡಲು ಈಗಿನದಕ್ಕಿಂತ 120 ಮೀಟರ್‌ನಷ್ಟು ಕೆಳಗಿತ್ತು.

ನಮ್ಮವರೂ ಆ ಚಳಿಯ ಕಥೆ ಬರೆದಿದ್ದಾರೆ. ಪಕ್ಕದ ಕೊಲ್ಹಾಪುರದಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಫ್ರೆಡ್ ಹಾಯ್ಲ್ ಅವರ ಶಿಷ್ಯರಾಗಿ, ಪುಣೆಯಲ್ಲಿ ಐಯುಕಾ ಕಟ್ಟಿದ ಜಯಂತ ನಾರ್ಳೀಕರ್ ಅವರ ಹಿಮಯುಗದ ಕಥೆಯಲ್ಲಿ ಮುಂಬೈ ಬೀದಿಗಳ ಮೇಲೆ ಹಿಮ ಸುರಿಯುತ್ತದೆ. 2025ರ ಮೇ 20ರಂದು ಅವರು ತೀರಿಕೊಂಡ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಬಿಳಿ ಮುಂಬೈ. ಆದರೆ ನಿಜವಾಗಿ ಹಿಮಯುಗ ಬಂದಿದ್ದಾಗ ಹಾವೇರಿಯಲ್ಲಿ ಏನಾಗಿತ್ತು? ಮಂಜು ಬಿದ್ದಿರಲಿಲ್ಲ, ಅದಂತೂ ಖಂಡಿತ. ಆ ಅಮ್ಮನ ಪ್ರಶ್ನೆಯ ಬುಡ ಇಲ್ಲೇ ಎಲ್ಲೋ ಇತ್ತು.

ಹಾವೇರಿಯಿಂದ ಬಸ್ಸು ಹಿಡಿದು ಕಾಗಿನೆಲೆಗೆ ಹೋದೆ. ಬ್ಯಾಡಗಿಗೆ ಅದು ಸುತ್ತುದಾರಿ. ದಾರಿಯುದ್ದಕ್ಕೂ ಗೋವಿನಜೋಳ ಕೊಯ್ದ ಹೊಲ, ನಡುನಡುವೆ ಎರೆಯ ಮೇಲೆ ನಿಂತ ಬಿಳಿಜೋಳ. ಎರೆನೆಲ ಹಿಡಿದಿಟ್ಟ ತೇವದ ಮೇಲೆ, ಒಂದು ಮಳೆಯೂ ಇಲ್ಲದೆ, ಮಾಗಿಯ ಇಬ್ಬನಿ ಕುಡಿದುಕೊಂಡೇ ತೆನೆ ತುಂಬುವ ಪೈರು ಅದು. ಕಾಗಿನೆಲೆಯಲ್ಲಿ ನಾನು ಹುಡುಕಿದ್ದು ಭಕ್ತ ಕನಕದಾಸರನ್ನಷ್ಟೇ ಅಲ್ಲ, ರಾಮಧಾನ್ಯ ಚರಿತೆಯ ಕನಕದಾಸರನ್ನು. ಕಥೆ ಎಲ್ಲರಿಗೂ ಗೊತ್ತು. ಮುನಿಗಳ ಆಶ್ರಮದಲ್ಲಿ ಯಾವ ಧಾನ್ಯ ಹೆಚ್ಚು ಎಂಬ ಮಾತು ಬಂದು ಭತ್ತಕ್ಕೂ ನರೆದಲೆಗನಿಗೂ, ಅಂದರೆ ರಾಗಿಗೂ, ಜಗಳ ಹತ್ತುತ್ತದೆ. ರಾಮ ಒಡನೆ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿ ಎನ್ನುತ್ತಾನೆ. ಆರು ತಿಂಗಳ ಮೇಲೆ ಬಾಗಿಲು ತೆಗೆದರೆ ಭತ್ತ ಸೊರಗಿದೆ, ರಾಗಿ ಹಾಗೇ ಇದೆ. ರಾಮ ತನ್ನ ರಾಘವ ಎಂಬ ಹೆಸರನ್ನೇ ಅದಕ್ಕೆ ಕೊಡುತ್ತಾನೆ.

ಮೇಲು ಕೀಳಿನ ಸೊಕ್ಕಿಗೆ ಕನಕದಾಸರು ಕೊಟ್ಟ ಪೆಟ್ಟು ಎಂದೇ ಇದನ್ನು ಓದಿದವನು ನಾನು. ಆ ಓದು ಸರಿಯೇ. ಆದರೆ ಅವತ್ತು ಗುಡಿಯ ಹೊರಗಿನ ಕಟ್ಟೆಯ ಮೇಲೆ ಕೂತಾಗ ಕಥೆಯೊಳಗಿನ ಪರೀಕ್ಷೆಯೇ ಕಣ್ಣಿಗೆ ಕಟ್ಟಿತು. ಧಾನ್ಯದ ಬೆಲೆ ರುಚಿಯಿಂದಲ್ಲ, ಬಣ್ಣದಿಂದಲ್ಲ. ಕೆಟ್ಟ ಕಾಲವನ್ನು ಕತ್ತಲಲ್ಲಿ ಕೂತು ಕಳೆದು ಹೊರಬರುವ ಶಕ್ತಿಯಿಂದ. 16ನೆಯ ಶತಮಾನದ ದಾಸರೊಬ್ಬರು ಬೀಜಕ್ಕೆ ಒಡ್ಡಿದ ಪರೀಕ್ಷೆ ಇದು. ಉತ್ತರ ಧ್ರುವದ ಹತ್ತಿರ ಸ್ವಾಲ್ಬಾರ್ಡ್ ದ್ವೀಪದ ಬೆಟ್ಟದೊಳಗೆ 2008ರಿಂದ ಮೈನಸ್ 18 ಡಿಗ್ರಿಯಲ್ಲಿ ಜಗತ್ತಿನ ಬೀಜಗಳನ್ನು ಸೆರೆಯಿಟ್ಟಿದ್ದಾರಲ್ಲ, ಅಲ್ಲಿ ನಡೆಯುತ್ತಿರುವುದೂ ಅದೇ ಪರೀಕ್ಷೆ. ನಮ್ಮ ಕಡೆ ಊರೂರಿಗೆ ಇದ್ದ ಹಗೇವುಗಳು ಏನಾಗಿದ್ದವು? ನೆಲದೊಳಗೆ ಜೋಳ ಸುರಿದು, ಬಾಯಿ ಮುಚ್ಚಿ ಮಣ್ಣು ಮೆತ್ತಿ, ಬರ ಬಂದ ವರ್ಷ ತೆಗೆಯುವ ಕತ್ತಲೆ ಕೋಣೆಗಳು.

ಬ್ಯಾಡಗಿ ತಲುಪಿದ್ದು ಹನ್ನೆರಡರ ಬಿಸಿಲಿಗೆ. ಗುರುವಾರ, ಸಂತೆಯ ದಿನ.

ಬ್ಯಾಡಗಿಯನ್ನು ಕಣ್ಣಿಗಿಂತ ಮೊದಲು ಮೂಗು ನೋಡುತ್ತದೆ. ಮಾರುಕಟ್ಟೆಯ ಅಂಗಳ ತುಂಬ ಕೆಂಪು ದಿಬ್ಬಗಳು. ಡಬ್ಬಿ, ಕಡ್ಡಿ ಎಂದು ಬೇರೆ ಬೇರೆ ರಾಶಿ, ದಲಾಲರು ಸುಕ್ಕುಗಟ್ಟಿದ ಕಾಯನ್ನು ಬೆರಳಲ್ಲಿ ಒತ್ತಿ ಮಡಚಿ ನೋಡುತ್ತಿದ್ದರು, ಹಮಾಲರು ತಲೆಗೆ ಚೌಕ ಸುತ್ತಿಕೊಂಡು ಚೀಲ ಹೊರುತ್ತಿದ್ದರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಮೂಗಿನವರೆಗೆ ಸೆರಗು ಕಟ್ಟಿ ಸಾಲಾಗಿ ಕೂತಿದ್ದರು. ನಾನು ಸೀನುತ್ತಿದ್ದೆ, ಅವರು ಹಾಡುತ್ತಿದ್ದರು. ಬ್ಯಾಡಗಿ ಕಾಯಿಯಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ಈ ಕೆಂಪು ಎಣ್ಣೆಯಾಗಿ ಹಿಂಡಿಸಿಕೊಂಡು ದೇಶಾಂತರ ಹೋಗುತ್ತದೆ, ಆಹಾರಕ್ಕೆ, ತುಟಿಯ ಬಣ್ಣಕ್ಕೆ.

ಈ ಬಣ್ಣವೇ ಇದರ ಕಷ್ಟ. ಬಿಸಿಲು ಕಾಯಿಯನ್ನು ಒಣಗಿಸುತ್ತದೆ. ಒಣಗಿದ ಮೇಲೆ ಅದೇ ಬಿಸಿಲು, ಅದೇ ಬೆಳಕು ಬಣ್ಣ ಕದಿಯುತ್ತವೆ. ಹುಳ ಹತ್ತುತ್ತದೆ, ಮುಂಗಾರು ಬಂದರೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಕರ್ನಾಟಕದ ಈ ಕಡುಗೆಂಪು ಊರಿನ ಸುತ್ತ ಹತ್ತಾರು ಕೋಲ್ಡ್ ಸ್ಟೋರೇಜ್‌ಗಳು ಎದ್ದಿವೆ. ಕಿಟಕಿಯಿಲ್ಲದ, ಎತ್ತರದ, ಮೂಕ ಕಟ್ಟಡಗಳು.

ಪರಿಚಯದ ದಲಾಲರೊಬ್ಬರು ಒಂದರೊಳಗೆ ಕರೆದೊಯ್ದರು. "ಸ್ವೆಟರ್ ತಂದೀರೇನ್ರೀ?" ಎಂದು ಬಾಗಿಲಲ್ಲಿ ಕೇಳಿದಾಗ ನಾನು ಬೆವರು ಒರೆಸಿಕೊಳ್ಳುತ್ತಿದ್ದೆ. ದಪ್ಪ ಬಾಗಿಲು ತೆರೆಯಿತು. ಮೂರು ಹೆಜ್ಜೆ ಇಡುವಷ್ಟರಲ್ಲಿ ಬ್ಯಾಡಗಿ ಹಿಂದೆ ಉಳಿಯಿತು. ಬಾಯಿಂದ ಹೊಗೆ ಬಂತು. ಕಬ್ಬಿಣದ ಅಟ್ಟಗಳ ಮೇಲೆ ಅಂತಸ್ತಿನ ಮೇಲೆ ಅಂತಸ್ತು ಗೋಣಿಚೀಲ, ಅದರಾಚೆ ಕತ್ತಲು, ಕತ್ತಲಲ್ಲಿ ಫ್ಯಾನುಗಳ ಒಂದೇ ಸಮನೆ ಗುಂಯ್‌ಗುಟ್ಟುವಿಕೆ. ಮಂಗನಟೋಪಿ ಹಾಕಿದ ಹುಡುಗನೊಬ್ಬ ಟಾರ್ಚು ಹಿಡಿದು ಚೀಲದ ಮೇಲಿನ ಗುರುತು ಓದುತ್ತ ನಡೆದಿದ್ದ. ಘಾಟು ಪೂರ್ತಿ ಮಾಯ. ಮೆಣಸಿನಕಾಯಿಯ ಬೆಟ್ಟದ ಬುಡದಲ್ಲಿ ನಿಂತಿದ್ದೆ, ಒಂದು ಸೀನೂ ಬರಲಿಲ್ಲ. ಇಲ್ಲಿ ಖಾರಕ್ಕೂ ನಿದ್ದೆ.

ಆಲ್ಡಿಸ್‌ನ ಚಳಿಗಾಲದ ಮಧ್ಯೆ ನಿಂತ ಹಾಗಾಯಿತು ನನಗೆ. ಅವನ ಜನ ಹಿಮಕ್ಕೆ ಹೆದರಿ ನೆಲದೊಳಗಿನ ಊರುಗಳಿಗೆ ಇಳಿಯುತ್ತಾರೆ. ಚಳಿ ಬರುವ ಮುಂಚೆ ಒಂದು ರೋಗ ಬಂದು, ಸತ್ತವರನ್ನು ಬಿಟ್ಟು ಉಳಿದವರ ಮೈಯನ್ನು ದಪ್ಪ ಮಾಡಿಬಿಡುತ್ತದೆ. ವಸಂತದ ಮುಂಚೆ ಇನ್ನೊಂದು ರೋಗ ಬಂದು ಇಳಿಸುತ್ತದೆ. ಜನ ಅದನ್ನು ಮಾರಿ ಎನ್ನುತ್ತಾರೆ, ಅವರನ್ನು ಮುಂದಿನ ಋತುವಿಗೆ ದಾಟಿಸುವ ದೋಣಿಯೂ ಅದೇ. ಕಾದಂಬರಿಯ ಅತಿ ದೊಡ್ಡ ಊಹೆ ಎಂದರೆ ನನಗೆ ಎರಡು ಸೂರ್ಯ ಅಲ್ಲ, ಇದು.

ಇನ್ನೊಂದು ಮಾತು. ಈ ಮೆಣಸಿನಕಾಯಿ ಪೋರ್ತುಗೀಸರ ಹಡಗಿನಲ್ಲಿ ಬಂದದ್ದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಅಮೆರಿಕದಲ್ಲಿ ಅದನ್ನು ಸಾಕಿ ಸಲಹಿದ ಜನ ಅಲ್ಲಿಗೆ ಹೋದದ್ದು ಹೇಗೆ? ಹಿಮಯುಗದಲ್ಲಿ ನೀರೆಲ್ಲ ಮಂಜಾಗಿ ಉತ್ತರದಲ್ಲಿ ಕೂತು ಕಡಲು ಇಳಿದಾಗ, ಸೈಬೀರಿಯಾಕ್ಕೂ ಅಲಾಸ್ಕಾಕ್ಕೂ ನಡುವೆ ನೆಲ ಮೇಲೆದ್ದಿತ್ತು. ಬೇರಿಂಜಿಯಾ ಎನ್ನುತ್ತಾರೆ ಅದನ್ನು. ಆ ದಾರಿಯಲ್ಲಿ ದಾಟಿದವರ ಮರಿಮಕ್ಕಳ ಮರಿಮಕ್ಕಳು ಮೆಕ್ಸಿಕೋದ ನೆಲದಲ್ಲಿ ಈ ಕಾಯನ್ನು ಪಳಗಿಸಿದರು. ಹಿಮದ ಉಪಕಾರ ತೀರಿಸುವ ಹಾಗೆ ಅದು ಈಗ ಬ್ಯಾಡಗಿಯಲ್ಲಿ ಮತ್ತೆ ಹಿಮದೊಳಗೆ ಮಲಗಿತ್ತು. ಹೊರಗೆ ಬಂದಾಗ ಬಿಸಿಲು ಮೈಮೇಲೆ ಬಿದ್ದದ್ದು ಎಷ್ಟು ಹಿತವಾಯಿತೆಂದರೆ, ಬಾಗಿಲ ಬಳಿ ಐದು ನಿಮಿಷ ಸುಮ್ಮನೆ ನಿಂತೇ ಇದ್ದೆ.

ಮೋಟೆಬೆನ್ನೂರಿಗೆ ಬಂದು ಹೆದ್ದಾರಿಯ ಬಸ್ಸು ಹತ್ತಿದೆ. ರಾಣೆಬೆನ್ನೂರು ಹೈಬ್ರಿಡ್ ಬೀಜದ ಊರು. ಸುತ್ತಲಿನ ಹೊಲಗಳಲ್ಲಿ ಬೆರಳತುದಿಯಿಂದ ಹೂವಿಗೆ ಹೂವು ಮುಟ್ಟಿಸಿ ಕ್ರಾಸಿಂಗ್ ಮಾಡುವ ಕೆಲಸದ ಮೇಲೆ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಅದರದೇ ಒಂದು ಕಥೆ ಬರೆಯಬೇಕು, ಇವತ್ತಲ್ಲ. ಹೊತ್ತು ಇಳಿಯುತ್ತಿತ್ತು, ನನಗೆ ಹುಲ್ಲು ನೋಡಬೇಕಿತ್ತು.

ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾದದ್ದು. 119 ಚದರ ಕಿಲೋಮೀಟರ್. ಕಾಡು ಎಂದುಕೊಂಡು ಬಂದವರಿಗೆ ನಿರಾಸೆಯಾಗುತ್ತದೆ. ನಾನು ಮೊದಲ ಸಲ ಬಂದಾಗಲೂ ಹಾಗೇ ಅನಿಸಿತ್ತು: ಕುರುಚಲು, ಮುಳ್ಳು, ಬೋಳು ದಿಣ್ಣೆ, ಮೊಣಕಾಲುದ್ದದ ಒಣಹುಲ್ಲು, ಸಾಲುಸಾಲು ನೀಲಗಿರಿ ಮರ. ಹಾಳುಬಿದ್ದ ನೆಲ ಎಂಬ ಹೆಸರಿಟ್ಟೇ ಈ ಬಯಲಿಗೆ ಹಿಂದೆ ನೀಲಗಿರಿ ಹಚ್ಚಿದ್ದು. ಮರ ಎದ್ದಷ್ಟು ಬಯಲು ಕುಗ್ಗಿತು. ಇಲ್ಲಿ ಓಡಾಡುತ್ತಿದ್ದ ಎರೆಭೂತ ಹಕ್ಕಿ, ಸುಮಾರು ಮೀಟರ್ ಎತ್ತರದ ಆ ಭಾರದ ಹಕ್ಕಿ, ಈಗ ಇಲ್ಲಿಲ್ಲ. ಕರ್ನಾಟಕದಲ್ಲೇ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದರೆ ಹೆಚ್ಚು. ಬಯಲೆಂದರೆ ಏನೂ ಇಲ್ಲದ ಜಾಗ ಎಂದು ತಿಳಿದದ್ದಕ್ಕೆ ಅದು ತೆತ್ತ ದಂಡ. ನನಗೆ ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಈ ಬಯಲು ಯಾರೋ ಕಡಿದು ಆದ ಬಯಲೇನೂ ಅಲ್ಲ, ಬಹಳ ಹಳೆಯದು ಎಂಬುದಕ್ಕೆ ಸಾಕ್ಷಿ ಸಿಕ್ಕಿದ್ದು ನೀಲಗಿರಿಯಲ್ಲೇ, ಮರದಲ್ಲಲ್ಲ, ಬೆಟ್ಟದಲ್ಲಿ. ಅಲ್ಲಿನ ಕಣಿವೆಗಳ ಜೌಗಿನಲ್ಲಿ ಸತ್ತ ಹುಲ್ಲು, ಎಲೆ ಕೊಳೆಯದೆ ಪದರಪದರವಾಗಿ ಸಾವಿರಾರು ವರ್ಷದಿಂದ ಕೂತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಆ ಕಪ್ಪು ಮಣ್ಣಿನ ಇಂಗಾಲವನ್ನು ಅಳೆದು 1993ರಲ್ಲಿ ಪ್ರಕಟಿಸಿದರು. ಕೊನೆಯ ಹಿಮಯುಗದ ತುದಿಯಲ್ಲಿ ದಕ್ಷಿಣ ಭಾರತಕ್ಕೆ ಬಂದದ್ದು ಹಿಮವಲ್ಲ, ಒಣಗಾಳಿ. ಮುಂಗಾರು ಸೊರಗಿತು. ಕಾಡು ಹಿಂದೆ ಸರಿಯಿತು. ಹುಲ್ಲು ಮುಂದೆ ಬಂತು.

ನಮ್ಮ ಹಿಮಯುಗದ ಹೆಸರು ಬರ! ಸಾವಿರಾರು ವರ್ಷದ ಬರ. ಹಾವೇರಿ ಜಿಲ್ಲೆಯವರಿಗೆ ಅದನ್ನು ಬಿಡಿಸಿ ಹೇಳಲು ಪುಸ್ತಕ ಬೇಕಿಲ್ಲ.

ಆ ಬರದಲ್ಲಿ ಗೆದ್ದದ್ದು ಎಂಥ ಹುಲ್ಲು ಎನ್ನುವುದರಲ್ಲೇ ರೈಲಿನ ಅಮ್ಮನ ಪ್ರಶ್ನೆಗೆ ಉತ್ತರವಿತ್ತು. ಗಿಡಕ್ಕೆ ಉಣ್ಣಲು ಗಾಳಿಯ ಇಂಗಾಲದ ಡೈಆಕ್ಸೈಡ್ ಬೇಕು. ಈಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು 420ಕ್ಕೂ ಮೇಲಿದೆ; ಹಿಮಯುಗದ ತುದಿಯಲ್ಲಿ 180ರ ಸುಮಾರಿಗೆ ಇಳಿದಿತ್ತು. ಗಿಡಗಳಿಗೆ ಅದು ಅರೆಹೊಟ್ಟೆಯ ಕಾಲ. ಭತ್ತ, ಹತ್ತಿ, ಮೆಣಸಿನ ಜಾತಿಯ ಗಿಡಗಳು ಬಾಗಿಲು ಪೂರ್ತಿ ತೆರೆದು ಗಾಳಿಯನ್ನು ಒಳಗೆ ಬಿಟ್ಟುಕೊಳ್ಳಬೇಕು. ತೆರೆದ ಬಾಗಿಲಿಂದ ನೀರು ಹಾರಿಹೋಗುತ್ತದೆ. ಒಳಗೆ ಹಿಡಿಯುವ ಕೈಗೂ ಇಂಗಾಲದ ಬದಲು ಆಗಾಗ ಆಮ್ಲಜನಕ ಸಿಕ್ಕಿ ದುಡಿಮೆ ದಂಡವಾಗುತ್ತದೆ. ಕೆಲವು ಹುಲ್ಲುಗಳು ಮಾತ್ರ, ಹಿಮಯುಗಕ್ಕಿಂತ ಎಷ್ಟೋ ಮೊದಲೇ, ಬೇರೆ ಉಪಾಯ ಕಂಡುಕೊಂಡಿದ್ದವು. ಬ್ಯಾಡಗಿಯ ಅಂಗಳ ನೋಡಿ ಬಂದವರಿಗೆ ಅದು ಸುಲಭವಾಗಿ ತಿಳಿಯುತ್ತದೆ. ಹೊರಗಿನ ಕೋಶಗಳು ಹಮಾಲರಂತೆ ಚೂರುಪಾರು ಇಂಗಾಲವನ್ನೆಲ್ಲ ಆಯ್ದು ಹೊತ್ತು, ಒಳಗಿನ ಮುಚ್ಚಿದ ಗೋದಾಮಿಗೆ ತಂದು ಒಟ್ಟುತ್ತವೆ. ಅಡುಗೆ ನಡೆಯುವುದು ಆ ಗೋದಾಮಿನಲ್ಲಿ. ಅಲ್ಲಿ ಇಂಗಾಲಕ್ಕೆ ಕೊರತೆಯಿಲ್ಲ. ಹೊರಬಾಗಿಲನ್ನು ಕಿಂಡಿಯಷ್ಟು ತೆರೆದರೂ ಸಾಕು, ನೀರು ಉಳಿಯುತ್ತದೆ. ಉತ್ತರದ ಹೆಪ್ಪುಗಟ್ಟುವ ನಾಡುಗಳಲ್ಲಿ ಈ ಉಪಾಯ ನಡೆಯುವುದಿಲ್ಲ, ಅದಕ್ಕೆ ಬಿಸಿಲು ಬೇಕು. ನಮ್ಮಲ್ಲಿ ಬಿಸಿಲಿತ್ತು. ಮಳೆ ಕಡಿಮೆ, ಇಂಗಾಲ ಕಡಿಮೆ, ಬಿಸಿಲು ಮಾತ್ರ ಧಾರಾಳ: ಈ ಹುಲ್ಲುಗಳಿಗೆ ಅದೇ ಸುಗ್ಗಿ.

ಜೋಳ ಆ ಕುಲದ್ದು. ರಾಗಿಯೂ ಆ ಕುಲದ್ದೇ. ಗೋವಿನಜೋಳ, ಸಜ್ಜೆ, ಕಬ್ಬು ಎಲ್ಲ. ಜೋಳವೂ ರಾಗಿಯೂ ಆಫ್ರಿಕದಲ್ಲಿ ಹುಟ್ಟಿ, ಹಿಮಯುಗ ಮುಗಿದು ಬಹಳ ಕಾಲದ ಮೇಲೆ ಇಲ್ಲಿಗೆ ಬಂದವು, ನಿಜ. ಆದರೆ ಬಂದಾಗ ನಮ್ಮ ಬಯಲಿನಲ್ಲಿ ಅವಕ್ಕೆ ಹೊಂದುವ ನೆಲ ಆಗಲೇ ಸಿದ್ಧವಾಗಿತ್ತು, ಅವುಗಳ ದಾಯಾದಿ ಹುಲ್ಲು ಅದನ್ನು ಆಳುತ್ತಿತ್ತು. ಕಾಗಿನೆಲೆಯ ಕಟ್ಟೆಯ ಮೇಲೆ ಇದು ಹೊಳೆದಿರಲಿಲ್ಲ: ಕನಕದಾಸರು ಸೆರೆಗೆ ಕಳಿಸಿದ ಎರಡು ಧಾನ್ಯಗಳಲ್ಲಿ ಒಂದು ಸುಭಿಕ್ಷದ ಗಿಡ, ಇನ್ನೊಂದು ಬರದ ಗಿಡ. ಬರದ ಗಿಡಕ್ಕೆ ಗೆಲುವು ಕೊಟ್ಟರು. ಅವರು ಈ ಸೀಮೆಯವರು. ಅವರಿಗೆ ಗೊತ್ತಿತ್ತು.

ಹಿಮಯುಗದ ಆ ಕಾಲದಲ್ಲಿ ಈ ಕಡೆ ಜನ ಇದ್ದರೇ? ಆಚೆ ಕರ್ನೂಲು ಸೀಮೆಯ ಜ್ವಾಲಾಪುರದಲ್ಲಿ, ಸುಮಾತ್ರಾದ ತೋಬಾ ಜ್ವಾಲಾಮುಖಿ ಸುಮಾರು 74 ಸಾವಿರ ವರ್ಷದ ಹಿಂದೆ ಸಿಡಿದಾಗ ಹಾರಿಬಂದ ಬೂದಿ ಮೀಟರ್‌ಗಟ್ಟಲೆ ದಪ್ಪಕ್ಕೆ ಬಿದ್ದಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯಾ ಅವರ ತಂಡ ಅಲ್ಲಿ ಅಗೆದು 2007ರಲ್ಲಿ ತೋರಿಸಿದ್ದು ಇದು: ಬೂದಿಯ ಕೆಳಗೆ ಕಲ್ಲಿನ ಹತಾರಗಳಿವೆ, ಬೂದಿಯ ಮೇಲೆಯೂ ಅಂಥವೇ ಹತಾರಗಳಿವೆ. ಆಕಾಶ ಕಪ್ಪಾದ ಮೇಲೂ ಯಾರೋ ಕೂತು ಕಲ್ಲು ಕೆತ್ತಿದ್ದಾರೆ. ಮಹಾರಾಷ್ಟ್ರದ ಪಾಟ್ಣೆಯಲ್ಲಿ ಸುಮಾರು 25 ಸಾವಿರ ವರ್ಷದಷ್ಟು ಹಳೆಯ ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪು ಸಿಕ್ಕಿದೆ, ಅದರ ಮೇಲೆ ಗೆರೆ ಕೊರೆದು ಚಿತ್ತಾರ ಮಾಡಿದ್ದಾರೆ. ದಖ್ಖಣದ ಹುಲ್ಲಿನಲ್ಲಿ ಉಷ್ಟ್ರಪಕ್ಷಿ ಓಡುತ್ತಿದ್ದ ಕಾಲ!

ಹುಣಸೀಕಟ್ಟಿ ಕಡೆಯ ಅಂಚಿನಲ್ಲಿ ಕುರಿ ಹೊಡೆದುಕೊಂಡು ಹೊರಟಿದ್ದ ಅಜ್ಜ ಸಿಕ್ಕರು. ಹೆಗಲ ಮೇಲೆ ಕರಿಕಂಬಳಿ. ಮೇಡ್ಲೇರಿಯಲ್ಲಿ ನೇಯ್ದದ್ದು, ಹುಣಸೆಬೀಜದ ಗಂಜಿ ಹಾಕಿದ್ದು, ಮಳೆ ಹನಿ ಒಳಗೆ ಇಳಿಯುವುದಿಲ್ಲ ಎಂದು ಹೇಳಿಕೊಂಡು, ಮುಟ್ಟಿ ನೋಡಲು ಕೊಟ್ಟರು.

"ಚಿಗರಿ ಕಾಣ್ತಾವೇನ್ರಿ ಅಜ್ಜಾರ?"

"ಹೊತ್ತು ಮುಳಗಲ್ರಿ, ತಾವ ಬರ್ತಾವು. ನೀವು ಮಾತಾಡಬ್ಯಾಡ್ರಿ."

ನಮ್ಮ ಕಡೆ ಕೃಷ್ಣಮೃಗಕ್ಕೆ ಚಿಗರಿ ಎನ್ನುವುದು. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿಗೂ ಅದೇ ಹೆಸರು ಇಟ್ಟುಕೊಂಡಿದ್ದೇವೆ. ಅದರ ಓಟದಲ್ಲಿ ಒಂದು ಒಗಟಿದೆ. ತಾಸಿಗೆ 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಪ್ರಾಣಿಯನ್ನು ಬೆನ್ನಟ್ಟುವವರು ಈಗ ಈ ಬಯಲಿನಲ್ಲಿ ಯಾರೂ ಇಲ್ಲ. ತೋಳ, ನಾಯಿಗಳಿಗೆ ಅಷ್ಟು ವೇಗ ಬೇಕಿಲ್ಲ. ಬೇಕಾಗಿದ್ದದ್ದು ಚೀತಾಕ್ಕೆ. ಚೀತಾ ಈ ದೇಶದಿಂದ ಅಳಿಯಿತೆಂದು 1952ರಲ್ಲೇ ಘೋಷಿಸಿದರು. ಚಿಗರಿಯ ಕಾಲುಗಳು ಇನ್ನೂ ಅದನ್ನು ಮರೆತಿಲ್ಲ.

ಆಲ್ಡಿಸ್‌ನ ಕಥೆಯ ಆರಂಭದಲ್ಲಿ ಯೂಲಿ ಎಂಬ ಹುಡುಗ ಅಪ್ಪನ ಜೊತೆ ಹಿಮದ ಬಯಲಿನ ಅಂಚಿನಲ್ಲಿ ಕಾಯುತ್ತ ಕೂತಿರುತ್ತಾನೆ. ದೂರದಿಂದ ಯೆಲ್ಕ್ ಎಂಬ ಮೃಗಗಳ ಹಿಂಡು ಬರಬೇಕು, ಬಂದರೆ ಊಟ. ಓದುವಾಗ ಎಷ್ಟು ದೂರದ ಲೋಕ ಎನಿಸಿತ್ತು. ಈಗ ನಾನೂ ಅಜ್ಜನ ಪಕ್ಕ, ಕಲ್ಲಿನ ಮರೆಯಲ್ಲಿ, ಹಾಗೇ ಕೂತಿದ್ದೆ. ಜೇಬಿನ ಸೀತನಿ ನೆನಪಾಯಿತು. ಪೊಟ್ಟಣ ಬಿಚ್ಚಿ ಅಜ್ಜನ ಅಂಗೈಗೆ ಸುರಿದೆ. ತಣ್ಣಗಾಗಿತ್ತು, ಸಿಹಿ ಹೋಗಿರಲಿಲ್ಲ. "ಹೊಸಾ ಜ್ವಾಳ" ಎಂದು ಒಂದು ಕಾಳು ಹಲ್ಲಿಗಿಟ್ಟು ಹೇಳಿದರು.

ಸೂರ್ಯ ನೀಲಗಿರಿ ಸಾಲಿನ ಹಿಂದೆ ಇಳಿದ. ಹುಲ್ಲು ಒಂದು ಕ್ಷಣ ತಾಮ್ರದ ಬಣ್ಣವಾಯಿತು. ಆಮೇಲೆ ಆ ಹುಲ್ಲಿನಿಂದಲೇ ಎದ್ದಂತೆ ಒಂದು ಕಪ್ಪು ಬೆನ್ನು, ತಿರುಚಿದ ಎರಡು ಕೊಂಬು, ಹಿಂದೆ ಕಂದು ಬಣ್ಣದ ಹೆಣ್ಣುಗಳು. ನಮ್ಮ ಗಾಳಿ ಸಿಕ್ಕಿತೋ ಏನೋ, ಮುಂದಿನದು ನಿಂತಲ್ಲೇ ಚಿಮ್ಮಿತು. ನಾಲ್ಕೂ ಕಾಲು ನೆಲ ಬಿಟ್ಟು, ಗಾಳಿಯಲ್ಲಿ ಒಂದು ಗಳಿಗೆ ನಿಂತೇ ಇತ್ತು. ಅದರ ಹಿಂದಿನದು ಚಿಮ್ಮಿತು. ಅದರ ಹಿಂದಿನದು. ಹುಲ್ಲಿನ ಮೇಲೆ ಅಲೆಯ ಹಾಗೆ ಅವು ದಾಟಿ, ಕಾಲುವೆ ಹಾರಿ, ಆಚೆಯ ಜೋಳದ ಹೊಲಕ್ಕೆ ಇಳಿದವು. ಹದಿನೇಳರ ತನಕ ಎಣಿಸಿದೆ. ಹೊಲದ ಅಟ್ಟಣಿಗೆಯಿಂದ ಯಾರೋ "ಹೋ" ಎಂದು ಕೂಗಿ ಡಬ್ಬ ಬಡಿಯತೊಡಗಿದರು. ಅಜ್ಜ ನಗುತ್ತ ಕಂಬಳಿಯ ಒಂದು ತುದಿಯನ್ನು ನನ್ನ ಹೆಗಲಿಗೂ ಎಳೆದರು. ಥಂಡಿ ಇಳಿಯುತ್ತಿತ್ತು.